ಟಾಪ್ ಇಲ್ಲದ ಗಾಡಿಯ ಎರಡನೇ ಗೇರು

ಐವತ್ತರ ಹತ್ತಿರ ಬಂದ ಗಂಡಸಿಗೆ ಅಮೆರಿಕದಲ್ಲಿ ಎರಡು ಕಾಯಿಲೆ ಬರುತ್ತವೆ. ಒಂದು ಕೊಲೆಸ್ಟರಾಲ್, ಇನ್ನೊಂದು ಕನ್ವರ್ಟಿಬಲ್. ಮೊದಲನೆಯದಕ್ಕೆ ಮಾತ್ರೆ ಇದೆ.

ಡೆಟ್ರಾಯಿಟ್‌ನಲ್ಲಿ ಚಳಿಗಾಲವಿಡೀ ಹಿಮ ಬಾಚಿ ಸೊಂಟ ಹಿಡಿಸಿಕೊಂಡ ನನಗೆ, ಮೇ ತಿಂಗಳ ಮೊದಲ ಬಿಸಿಲು ಬಿದ್ದ ದಿನವೇ ಎರಡನೆಯದು ಅಂಟಿತು. ಇಬ್ಬರೇ ಕೂರುವ, ಟಾಪ್ ಮಡಚಿ ಹಿಂದಕ್ಕೆ ಹಾಕುವ ಸಣ್ಣ ಕಾರು. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಇದು ನನ್ನೊಬ್ಬನ ಹುಚ್ಚಲ್ಲ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಕಾರು ಪ್ರದರ್ಶನದಲ್ಲಿ ಮಾಜ್ದಾದವರು ಇಂಥದೇ ಒಂದು ಗಾಡಿ, ಮಿಯಾಟಾ, ತಂದು ನಿಲ್ಲಿಸಿದರು. 2016ರ ಹೊತ್ತಿಗೆ ಅಂಥವು 10 ಲಕ್ಷ ತಯಾರಾಗಿದ್ದವು.

ಹೆಂಡತಿ ಸೇಡಂನವಳು. ಲೆಕ್ಕ ಪಕ್ಕಾ.

"ಮನ್ಯಾಗ ನಾಕು ಮಂದಿ ಇದ್ದೀವಿ. ಸೀಟು ಎರಡು. ಉಳಿದವ್ರು?"

"ಪಾಳಿ ಮ್ಯಾಲ ಕೂಡೋಣು."

"ಹಂಗಾದ್ರ ರೊಟ್ಟೀನೂ ಇನ್ನ ಪಾಳಿ ಮ್ಯಾಲೇ ರೀ."

ಹೀಗೆ ಮಾತು ನಿಂತಿದ್ದಾಗ ಚಿತ್ತಾಪುರದಿಂದ ಕಾಕಾ ಬಂದ. ಎಪ್ಪತ್ಮೂರರ ಕಾಕಾ ಮೂವತ್ತು ವರ್ಷ ಶಹಾಬಾದದ ಪರಸಿ ಹೇರಿಕೊಂಡು ಸೊಲ್ಲಾಪುರ, ಹೈದರಾಬಾದಿಗೆ ಲಾರಿ ಹೊಡೆದವನು. ನಮ್ಮ ಓಣಿಯಲ್ಲಿ ಒಬ್ಬರು ಬೆಂಜ್ ಕಾರು ತೊಳೆಯುತ್ತಿದ್ದುದನ್ನು ಕಂಡು, "ಇದೇನ್ ದೊಡ್ಡದು, ನಾ 1974ರಾಗೇ ಬೆಂಜ್ ನಡಸೀನಿ" ಅಂದ. ಸುಳ್ಳಲ್ಲ. 1954ರಿಂದ 1969ರವರೆಗೆ ಟಾಟಾ ಲಾರಿಗಳು ಬೆಂಜ್ ಜೊತೆಗಾರಿಕೆಯಲ್ಲೇ ತಯಾರಾಗುತ್ತಿದ್ದವು, ಮೂಗಿನ ಮೇಲೆ ಅದೇ ಮೂರು ಮೂಲೆಯ ಚುಕ್ಕಿ. ಕಾಕಾನಿಗೆ ಸಿಕ್ಕಿದ್ದು ಅಂಥದೊಂದು ಹಳೇ ಲಾರಿ. ಡಬಲ್ ಕ್ಲಚ್ ಹೊಡೆಯದಿದ್ದರೆ ಗೇರ್ ಬೀಳುತ್ತಿರಲಿಲ್ಲ.

ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೂ ಅವನನ್ನು ಕರೆದೊಯ್ದೆ. ಹೆಸರು ಕೇಳಿ, ಪಂಪನಿಗೆ ಆಶ್ರಯ ಕೊಟ್ಟವನು ಅರಿಕೇಸರಿ, ಅರಿಕೇಸರಿ ರಾಷ್ಟ್ರಕೂಟರ ಸಾಮಂತ, ರಾಷ್ಟ್ರಕೂಟರ ರಾಜಧಾನಿ ನಮ್ಮ ಸೇಡಂ ತಾಲೂಕಿನ ಮಳಖೇಡ, ಅಂದಮೇಲೆ ಡೆಟ್ರಾಯಿಟ್ ಕನ್ನಡಿಗರೆಲ್ಲ ನಮ್ಮ ಕೈಕೆಳಗಿನವರು ಎಂದು ಊಟದ ಸಾಲಿನಲ್ಲಿ ನಿಂತೇ ತೀರ್ಮಾನ ಕೊಟ್ಟ. ನನ್ನ ಹೆಂಡತಿಗೆ ಅಂದಿನಿಂದ ಮಾವನ ಮೇಲೆ ಗೌರವ ಹೆಚ್ಚಾಯಿತು.

ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಕಾಕಾ ಹೆಂಡತಿಯ ಕಡೆಗೆ ವಾಲಿದ. ನಮ್ಮೂರ ಬೇಸಿಗೆಯಲ್ಲಿ ನೆತ್ತಿಗೆ ಟವೆಲ್ ಸುತ್ತಿಕೊಂಡೇ ಬೆಳೆದವನಿಗೆ, ರೊಕ್ಕ ಕೊಟ್ಟು ಬಿಸಿಲಿಗೆ ಕೂರುವ ಜಾತಿ ತಿಳಿಯದು. "ಟಾಪ್ ಇರೋ ಗಾಡಿಗಿಂತ ಇಲ್ಲದ್ದಕ್ಕ ಜಾಸ್ತಿ ರೊಕ್ಕಾ? ಹಂಗಾದ್ರ ನಮ್ಮ ಟ್ರ್ಯಾಕ್ಟರ್ ಏನ್ ತಪ್ಪು ಮಾಡ್ಯಾದ?" ಆದರೆ ಗಾಡಿ ನೋಡಲು ಹೋಗುವುದಾದರೆ ತಾನಿಲ್ಲದೆ ಹೋಗಬೇಡ ಎಂದ. ಹಳೇ ಗಾಡಿಯಲ್ಲಿ ಬಣ್ಣ ಆಮೇಲೆ, ಇಂಜಿನ್ ಆಮೇಲೆ, ಮೊದಲು ಗೇರ್ ಬಾಕ್ಸ್. ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡಿಸಬೇಕೆಂಬ ಕಾಯ್ದೆಯೂ ಇಲ್ಲ. ಕೊಳ್ಳುವವನ ಕಣ್ಣೇ ಸರ್ಕಾರ.

ಮೊದಲು ನೋಡಿದ್ದು ಒಬ್ಬ ಡೀಲರನ ಅಂಗಳದಲ್ಲಿ. ಕೆಂಪು ಬಣ್ಣ, ಕನ್ನಡಿಯಂಥ ಹೊಳಪು. ಎಷ್ಟು ಗೇರು ಎಂದು ಕೇಳು ಅಂದ ಕಾಕಾ. ಕೇಳಿದೆ. ಗೇರೇ ಇಲ್ಲ, ಸಿವಿಟಿ, ಎರಡು ಗಾಲಿಯ ನಡುವೆ ಒಂದು ಬೆಲ್ಟ್, ಗಾಲಿ ಹಿಗ್ಗಿ ಕುಗ್ಗಿ ವೇಗ ತಾನೇ ಬದಲಾಗುತ್ತದೆ ಎಂದ ಮಾರುವವ. ಅನುವಾದಿಸಿದೆ. ಕಾಕಾ ನಕ್ಕ.

"ಅಂದ್ರ ಹಿಟ್ಟಿನ ಗಿರಣಿ. ಪಟ್ಟಾ ಜಾರಿದ್ರ?"

ಒಳ್ಳೆಯ ಪ್ರಶ್ನೆ. ಊರ ಗಿರಣಿಯಲ್ಲಿ ಪಟ್ಟಾ ಜಾರಿದರೆ ಗಿರಣಿಯವ ರಾಳ ಹಚ್ಚಿ ಮತ್ತೆ ಜೋಳ ಬೀಸುತ್ತಾನೆ. ಇಲ್ಲಿನ ಉಕ್ಕಿನ ಪಟ್ಟಾ ಜಾರಿದರೆ ಡಬ್ಬಿಗೆ ಡಬ್ಬಿಯೇ ಬದಲಿಸಬೇಕು, ಹಳೇ ಗಾಡಿಯಲ್ಲಿ ಅದರ ಖರ್ಚು ಗಾಡಿಯ ಬೆಲೆಗೆ ಸಮನಾದೀತು. ಓಡಿಸಿ ನೋಡಿದೆವು. ಸಿಗ್ನಲ್ ಬಿಟ್ಟು ಹೊರಡುವಾಗ ಮೈಯೆಲ್ಲ ಗಡಗಡ ನಡುಗಿ, ಇಂಜಿನ್ ಕೂಗು ಏರಿತು, ಗಾಡಿ ಏರಲಿಲ್ಲ. "ಥಂಡಿ ಜ್ವರ ಬಂದಾದ, ನಡಿ ಮನಿಗಿ" ಅಂದ ಕಾಕಾ.

ಎರಡನೆಯದು ಒಬ್ಬ ಮುದುಕರ ಮನೆಯಲ್ಲಿತ್ತು. ನೀಲಿ ಬಣ್ಣ, ಐದು ಗೇರು, ಕೈಯಿಂದಲೇ ಹಾಕುವಂಥದ್ದು. ನಾನು ಒಳಗೆ ಕೂರಲು ಹೋದರೆ ಕಾಕಾ ತಡೆದ. ಬಾನೆಟ್ ಮೇಲೆ, ಜ್ವರ ನೋಡುವವರಂತೆ, ಅಂಗೈ ಇಟ್ಟ.

"ಬಿಸಿ ಅದ. ನಾವು ಬರೂ ಮೊದಲೇ ತಿರಗಿಸಿ ತಂದಾನ. ನಾಳಿ ಮುಂಜಾನಿ ಬರೋಣು, ಥಂಡಿ ಇರ್ಲಿ ಅಂತ ಹೇಳು."

ವಾಪಸ್ ಬರುವಾಗ ಕಾರಣ ಹೇಳಿದ. ಗೇರ್ ಎಣ್ಣೆ ಕಾದು ತೆಳ್ಳಗಾದರೆ ಸವೆದ ಗೇರೂ ಬೆಣ್ಣೆಯಂತೆ ಬೀಳುತ್ತದೆ. ತಣ್ಣಗಿದ್ದಾಗಲೇ ಅದರ ಖರೆ ಗುಣ. ಒಳಗಿರುವ ಹಿತ್ತಾಳೆ ಬಳೆಯ ಕೆಲಸವನ್ನೂ ತಿಳಿಸಿದ. ಎಂಜಿನಿಯರಿಂಗ್ ಓದಿದ ನನಗೆ ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿರಲಿಲ್ಲ:

"ವಾಡಿ ಸ್ಟೇಷನ್‌ದಾಗ ಹೊಂಟ ರೈಲು ಹತ್ತೂದು ನೋಡಿದ್ದಿ ಇಲ್ಲ? ಮೊದಲ ಜೋಡಿ ಓಡಬೇಕು. ಅದೂ ನೀನೂ ಸಮ ಆದಾಗ ಹಾರಬೇಕು. ನಿಂತಲ್ಲಿಂದಾನೇ ಹಾರಿದ್ರ ಹಲ್ಲು ಮುರೀತಾವ. ಆ ಬಳಿ ಗೇರಿಗೆ ಜೋಡಿ ಓಡಸ್ತದ. ಬಳಿ ಸವದ್ರ ಹಲ್ಲಿಗೆ ಹಲ್ಲು ಬಡೀತಾವ."

ಮರುದಿನ ಏಳಕ್ಕೇ ಹೋದೆವು. ಮುದುಕರು ಇನ್ನೂ ಚಪ್ಪಲಿಯಲ್ಲೇ ಇದ್ದರು. ಕಾಕಾನಿಗೆ ಇಲ್ಲಿಯ ಲೈಸನ್ಸ್ ಇಲ್ಲ, ಹಾಗಾಗಿ ಪಕ್ಕದ ಸೀಟಿನಲ್ಲಿ ಕೂತು ಗೇರಿನ ಗುಬುಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ನಾನು ಕ್ಲಚ್ ತುಳಿಯುವುದು, ಅವನು ಗೇರ್ ಹಾಕುವುದು. ಮೊದಲು ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಕ್ಲಚ್ ತುಳಿಸಿದ, ಬಿಡಿಸಿದ. ಬಿಟ್ಟಾಗ ಗುಂಯ್ ಅಂದು ತುಳಿದಾಗ ನಿಂತರೆ ಡಬ್ಬಿಯ ಒಳಗಿನ ಬೇರಿಂಗು, ತುಳಿದಾಗಲೇ ಕಿರುಗುಟ್ಟಿದರೆ ಕ್ಲಚ್ಚಿನ ಬೇರಿಂಗು. ಎರಡೂ ಸುಮ್ಮನಿದ್ದವು. ನಾಲ್ಕನೇ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಎಕ್ಸಿಲೇಟರ್ ಒತ್ತಿಸಿದ; ಇಂಜಿನ್ ಒಂದೇ ಕೂಗಾಡಲಿಲ್ಲ, ಗಾಡಿಯೂ ಜೊತೆಗೆ ಓಡಿತು, ಅಂದರೆ ಕ್ಲಚ್ ಪ್ಲೇಟ್ ಗಟ್ಟಿ. ಪ್ರತಿ ಗೇರಿನಲ್ಲೂ ಜೋರು ಒತ್ತಿಸಿ ತಟಕ್ಕನೆ ಬಿಡಿಸಿದ, ಗೇರ್ ತಾನೇ ಹೊರಗೆ ಜಿಗಿಯುತ್ತದೇನೋ ಎಂದು. ಜಿಗಿಯಲಿಲ್ಲ. ಮೂರರಿಂದ ಎರಡಕ್ಕೆ ಎಳೆದ.

ಕರ್ರ್.

ಕಾಕಾ ಕಣ್ಣು ತೆರೆದು, ಹೊಸ ಸೊಸೆಯ ಅಡುಗೆಯಲ್ಲಿ ಕಡೆಗೂ ಕಲ್ಲು ಸಿಕ್ಕ ಅತ್ತೆಯಂತೆ ನಕ್ಕ. "ಸಿಕ್ತು. ಇನ್ನ ವ್ಯವಹಾರ ಮಾಡಮಿ."

ವ್ಯವಹಾರವೇನು, ಕಾಕಾ ಮುದುಕರ ಎದುರು ಎರಡು ಬೆರಳು ಎತ್ತಿ ಬಾಯಿಂದಲೇ "ಕರ್ರ್" ಅಂದ. ಅವರೂ ತಲೆ ಅಲ್ಲಾಡಿಸಿ ಎರಡು ಬೆರಳು ಎತ್ತಿ "ಕರ್ರ್" ಅಂದರು. ಇಬ್ಬರೂ ಗಾಡಿಯ ಕೆಳಗೆ ಬಗ್ಗಿ ತುಕ್ಕು ನೋಡಿದರು. ಡೆಟ್ರಾಯಿಟ್‌ನ ಕೆಳಗೆ 1,100 ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ, ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಸುರಿದು ಇಲ್ಲಿಯ ಗಾಡಿಗಳ ತಳ ಉಪ್ಪಿನಕಾಯಿ ಆಗಿರುತ್ತದೆ. ಈ ಗಾಡಿ ಚಳಿಗಾಲ ಕಂಡಿರಲಿಲ್ಲ. ಐದು ನಿಮಿಷದಲ್ಲಿ 800 ಡಾಲರ್ ಇಳಿಯಿತು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಚೌಕಾಸಿ ಮಾಡಿ ನಾನು ಇಷ್ಟು ಇಳಿಸಿದ್ದಿಲ್ಲ.

"ಕಾಕಾ, ಎರಡನೇ ಗೇರು ಹಾಳಾಗ್ಯಾದ, ಮತ್ಯಾಕ ತಗೊಳ್ಳೋದು?"

"ಒಂದು ಬಳಿ ಸವದಾದ. ನಿನಗ ಡಬಲ್ ಕ್ಲಚ್ ನಾ ಕಲಸ್ತೀನಿ."

ಕಲಿಸಿದ. ಕ್ಲಚ್ ತುಳಿ, ನ್ಯೂಟ್ರಲ್ಲಿಗೆ ತಾ, ಬಿಡು, ಚೂರು ಎಕ್ಸಿಲೇಟರ್ ಕೊಡು, ಮತ್ತೆ ತುಳಿ, ಎರಡಕ್ಕೆ ಹಾಕು. ಸೂಪರ್ ಮಾರ್ಕೆಟ್ಟಿನ ಖಾಲಿ ಪಾರ್ಕಿಂಗಿನಲ್ಲಿ ನಾಲ್ಕು ಭಾನುವಾರ ಬೈಸಿಕೊಂಡೆ. ಐದನೇ ಭಾನುವಾರ ಕಾಕಾ ಊರಿಗೆ ಹೋದ, ಗೇರ್ ಸದ್ದಿಲ್ಲದೆ ಬಿತ್ತು.

ಈಗ ನವೆಂಬರ್. ಗಾಡಿ ಗ್ಯಾರೇಜಿನಲ್ಲಿ ತಾಡಪತ್ರಿ ಹೊದ್ದು ನಿಂತಿದೆ, ಅದರ ಮೇಲೆ ಹೆಂಡತಿಯ ಜೋಳದ ಹಿಟ್ಟಿನ ಡಬ್ಬಿಗಳು. ಪ್ರತಿ ಭಾನುವಾರ ಚಿತ್ತಾಪುರದಿಂದ ಫೋನ್ ಬರುತ್ತದೆ. ನನ್ನ ಕೊಲೆಸ್ಟರಾಲ್ ಬಗ್ಗೆ ಕಾಕಾ ಇದುವರೆಗೂ ಕೇಳಿಲ್ಲ. "ಎರಡನೇದು ಹ್ಯಾಂಗದ?" ಎನ್ನುತ್ತಾನೆ. ನಮ್ಮ ಮನೆಯಲ್ಲಿ ಮೊನ್ನೆ ಊಟಕ್ಕೆ ಬಂದಿದ್ದ ಬೆಂಗಳೂರಿನ ಗೆಳೆಯರು, ಅದು ನನ್ನ ಎರಡನೇ ಮಗುವಿನ ವಿಚಾರಣೆ ಎಂದುಕೊಂಡರು.