ಗಾಳಿಗೆ ಗುದ್ದಿದ ವಿಜ್ಞಾನಿ

ರಸ್ತೆಯ ಹೊಗೆಯನ್ನು ಮನೆಯಲ್ಲಿ ಕೂತು ಲೆಕ್ಕ ಹಾಕುವುದು ಬಲು ಸುಲಭ. ವಾಹನಗಳು ಎಷ್ಟು, ಒಂದೊಂದೂ ಕಿಲೋಮೀಟರಿಗೆ ಎಷ್ಟು ಕಣ ಉಗುಳುತ್ತದೆ, ಗಾಳಿ ಯಾವ ದಿಕ್ಕಿನದು ಎಂದು ಗೌಸಿಯನ್ ಸೂತ್ರಕ್ಕೆ ತುಂಬಿದರೆ ಸಾಕು, ಲ್ಯಾಪ್‌ಟಾಪು ಪಿಎಂ 2.5 ಪ್ರಮಾಣವನ್ನು ಪಂಚಾಂಗದಂತೆ ಒದರುತ್ತದೆ. ನಮ್ಮ ದೇಶದ ಮಿತಿ ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ನನ್ನ ಲೆಕ್ಕದ ಬೆಂಗಳೂರು ಅದರೊಳಗೇ ಸುಖವಾಗಿತ್ತು.

ತಾಳೆ ನೋಡಲೆಂದು ಮುಂಗಾರಿನ ಒಂದು ಬೆಳಿಗ್ಗೆ ಸೆನ್ಸರ್ ಹಿಡಿದು ಅವೆನ್ಯೂ ರಸ್ತೆಗೆ ಹೋದೆ. ರಸ್ತೆ ಉತ್ತರ-ದಕ್ಷಿಣ, ಗಾಳಿ ಪಡುವಣದ್ದು. ಹೊಗೆಯೆಲ್ಲ ಪೂರ್ವಕ್ಕೆ ಹೋಗಲೇಬೇಕೆಂದು ಪಶ್ಚಿಮದ ಫುಟ್‌ಪಾತಿನಲ್ಲಿ ಮಾಸ್ಕಿಲ್ಲದೆ ಎದೆಯುಬ್ಬಿಸಿ ನಿಂತೆ.

“ಏನ್ ಸಾರ್, ರೋಡ್ ಅಗಲ ಮಾಡ್ತೀರಾ?” ಹಳೇ ಪುಸ್ತಕದ ವ್ಯಾಪಾರಿ ಗಾಬರಿಯಾದರು.

“ಇಲ್ಲ, ಹೊಗೆ ಅಳೀತಿದ್ದೀನಿ.”

“ಅಳೆದು?”

ಆ ಪ್ರಶ್ನೆಗೆ ನನ್ನ ಸೂತ್ರದಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಅಂಕಿ ಜಿಗಿಯಿತು. ‘ಡೀಸೆಲ್ ಲಾರಿಯ ಪ್ರಭಾವ’ ಎಂದು ಗಂಭೀರವಾಗಿ ಬರೆದುಕೊಂಡು ತಿರುಗಿದರೆ, ಬಟ್ಟೆ ಅಂಗಡಿಯವರು ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದರು. ಕಣಕ್ಕೆ ಬಡಿದು ಚದುರುವ ಬೆಳಕನ್ನಷ್ಟೇ ನೋಡುವ ಸೆನ್ಸರಿಗೆ ಭಕ್ತಿಯೂ ಒಂದೇ, ಡೀಸೆಲ್ಲೂ ಒಂದೇ. ಆಮೇಲೆ ತುಂತುರು ಶುರುವಾಯಿತು. ತೇವ ಹೀರಿ ಕಣಗಳು ಊದಿಕೊಂಡವು, ಅಂಕಿ ಇನ್ನಷ್ಟು ಏರಿತು.

ಊದುಬತ್ತಿ ಆರಿತು, ತುಂತುರು ನಿಂತಿತು, ಅಂಕಿ ಮಾತ್ರ ಬೇಕಾದಷ್ಟು ಇಳಿಯಲಿಲ್ಲ. ಕಾರಣ ತಲೆಯ ಮೇಲಿತ್ತು. ಇಕ್ಕಟ್ಟು ರಸ್ತೆಯ ಎರಡೂ ಕಡೆ ಎತ್ತರದ ಕಟ್ಟಡಗಳಿದ್ದರೆ, ಚಾವಣಿ ದಾಟಿದ ಗಾಳಿ ಎದುರು ಸಾಲಿನ ಗೋಡೆಗೆ ಬಡಿದು ಕೆಳಗಿಳಿಯುತ್ತದೆ, ನೆಲದ ಮಟ್ಟದಲ್ಲಿ ಹಿಂದಕ್ಕೆ ಸುಳಿಯುತ್ತದೆ. ಬರುವಾಗ ರಸ್ತೆಯ ಹೊಗೆಯನ್ನೆಲ್ಲ ಗುಡಿಸಿಕೊಂಡು ಗಾಳಿ ಹೊರಟ ಕಡೆಗೇ, ಅಂದರೆ ನನ್ನ ಮೂಗಿಗೇ, ತಂದು ಸುರಿಯುತ್ತದೆ. ಡೆನ್ಮಾರ್ಕಿನವರ ಓಎಸ್‌ಪಿಎಂ ಮಾದರಿಯಲ್ಲಿ ಈ ಸುಳಿಗೆಂದೇ ಲೆಕ್ಕವಿದೆ. ನನ್ನದು ಅವೆನ್ಯೂ ರಸ್ತೆಯನ್ನು ಬಟಾಬಯಲೆಂದು ನಂಬಿತ್ತು.

ನನ್ನ ಸೀನು ಎಣಿಸುತ್ತಿದ್ದ ವ್ಯಾಪಾರಿ, “ಆ ಕಡೆ ನಿಂತ್ಕೊಳಿ ಸಾರ್, ಈ ಕಡೆ ಧೂಳು ಜಾಸ್ತಿ” ಎಂದರು.

ಸೆನ್ಸರ್ ನೋಡುತ್ತಲೇ ರಸ್ತೆಗಿಳಿದೆ. ಒಂದು ಆಟೊ, ಅದರ ಹಿಂದೆ ಟೆಂಪೊ, ಅದರ ಹಿಂದೆ ಸ್ಕೂಟರುಗಳ ಹಿಂಡು ಕಿರ್ರೆಂದು ಬ್ರೇಕ್ ಹಾಕಿ ನಿಂತವು. ಆಟೊದವರು ನನ್ನ ವಂಶವೃಕ್ಷವನ್ನು ಬುಡಸಮೇತ ಅಲ್ಲಾಡಿಸಿದರು. ಬ್ರೇಕು, ಟೈರು ಸವೆದರೂ ಕಣ ಏಳುತ್ತವೆ. ಹೊಗೆಯುಗುಳದ ಎಲೆಕ್ಟ್ರಿಕ್ ಗಾಡಿಗೂ ಇದರಿಂದ ಬಿಡುಗಡೆಯಿಲ್ಲ. ಹಾಗಾಗಿ ಆ ಬೆಳಗಿನ ಮಾಲಿನ್ಯದ ಮೂಲಗಳ ಪಟ್ಟಿಯಲ್ಲಿ ಲಾರಿ, ಆಟೊ, ಊದುಬತ್ತಿಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಸಂಶೋಧಕ, ಒಬ್ಬ.