ನೆರಳಿನ ಪಾಲುಪಟ್ಟಿ

ಹೊಂಗೆಯ ಮರದಡಿ ತಂಪಾಗಿ ಕುಳಿತವನಿಗೂ, ಇಳಿಹೊತ್ತಿನ ಬಿಸಿಲಿನಲ್ಲಿ ತನ್ನ ಮುಂದೆ ನೀಳವಾಗಿ ಚಾಚಿದ ಕರಿಯ ಆಕೃತಿಯನ್ನು ಕಂಡು ತಾನು ಆಜಾನುಬಾಹುವೆಂದು ಬೀಗುವವನಿಗೂ ನಮ್ಮ ಕನ್ನಡವು ‘ನೆರಳು’ ಎಂಬ ಒಂದೇ ಪದವನ್ನಿತ್ತು ನಿಶ್ಚಿಂತವಾಗಿರಲು, ಆಂಗ್ಲರು ಮಾತ್ರ ಮೊದಲನೆಯದಕ್ಕೆ ‘ಶೇಡ್’, ಎರಡನೆಯದಕ್ಕೆ ‘ಶ್ಯಾಡೋ’ ಎಂದು ಪಾಲುಪಟ್ಟಿ ಬರೆದಿಟ್ಟಿರುವರು. ಈ ಮರ್ಮವನ್ನರಿಯದೆ, ಅಲೆಗ್ಸಾಂಡರನ ಕುದುರೆಯು ತನ್ನ ‘ಶೇಡಿ’ಗೆ ಬೆದರಿತೆಂದು ನಾನು ಬಾಲ್ಯದಲ್ಲಿ ಬರೆದಾಗ, ಆ ಶಬ್ದಕ್ಕೆ ಪ್ರೇತವೆಂಬ ಅರ್ಥವೂ ಉಂಟೆಂದು ಬಲ್ಲ ಮೇಷ್ಟ್ರು, “ಕುದುರೆ ಇನ್ನೂ ಸತ್ತಿಲ್ಲವಲ್ಲೋ!” ಎಂದು ಗದರಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಹಳೆಯ ಇಂಗ್ಲಿಷಿನ ಒಂದೇ ನಾಮಪದದ ಪ್ರಥಮಾರೂಪದಿಂದ ‘ಶೇಡ್’, ಉಳಿದ ವಿಭಕ್ತಿರೂಪಗಳಿಂದ ‘ಶ್ಯಾಡೋ’ ಹುಟ್ಟಿದವೆಂಬುದು ಅಂದೇ ತಿಳಿದಿದ್ದರೆ, ಇದು ಬರಿಯ ವಿಭಕ್ತಿಪಲ್ಲಟ, ಮೇಷ್ಟ್ರೇ, ಎಂದು ವಾದಿಸಬಹುದಾಗಿತ್ತು. ಬೆತ್ತಕ್ಕೆ ವ್ಯಾಕರಣ ತಿಳಿಯುತ್ತಿತ್ತೋ ಇಲ್ಲವೋ!