ಷಡ್ಡಕರ ಕ್ಯಾಡಿಲಾಕ್

ಮಿಷಿಗನ್ನಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ ನೆಲೆಸಿರುವ ಕನ್ನಡಿಗರ ಮನೆಗೆ ಊಟಕ್ಕೆ ಹೋಗುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಮನೆಯ ಯಜಮಾನರು ಮೋಟಾರು ಉದ್ಯಮದಲ್ಲಿ ಎಂಜಿನಿಯರು, ವಯಸ್ಸು ಐವತ್ತರ ಆಸುಪಾಸು, ಮಕ್ಕಳು ಕಾಲೇಜು ಸೇರಿ ಬೇರೆ ಊರಲ್ಲಿದ್ದಾರೆ, ಮೊಸರನ್ನ ಮುಗಿಯುವ ಮೊದಲೇ “ಕೆಳಗಡೆ ಬನ್ನಿ, ಐದೇ ನಿಮಿಷ” ಎಂದು ಬೇಸ್‌ಮೆಂಟಿನ ಮೆಟ್ಟಿಲ ಕಡೆ ಕೈ ತೋರಿಸುತ್ತಾರೆ ಎಂದಾದರೆ, ಆ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರಿಸಿಕೊಳ್ಳುವುದು ಕ್ಷೇಮ. ನನಗೆ ಆ ಸೌಕರ್ಯವಿಲ್ಲ. ಈ ಪಂಗಡದಲ್ಲಿ ನಾನು ಹತ್ತಿರದಿಂದ ಬಲ್ಲವರು ನನ್ನ ಹೆಂಡತಿಯ ಅಕ್ಕನ ಗಂಡ. ಷಡ್ಡಕರ ಮನೆಯಲ್ಲಿ ಹೊಟ್ಟೆನೋವು ಬಂದರೆ ಅಪವಾದ ಅತ್ತಿಗೆಯ ಅಡುಗೆಯ ಮೇಲೆ ಬೀಳುತ್ತದೆ.

ಬೇಸ್‌ಮೆಂಟಿನ ತುಂಬ ಇರುವುದು ಹಳೆಯ ಅಮೆರಿಕನ್ ಕಾರುಗಳು. ಎಲ್ಲವೂ ಪ್ಲಾಸ್ಟಿಕ್ ಇಟ್ಟಿಗೆಯವು; ಮಕ್ಕಳು ಮನೆ ಕಟ್ಟಿ ಆಡುವ ಅದೇ ಲೆಗೊ ಇಟ್ಟಿಗೆ. ಶುರುವಿನಲ್ಲಿ ಷಡ್ಡಕರು ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳನ್ನೇ ತಂದು ಕಟ್ಟಿದರು. 2019ರಲ್ಲಿ ಬಂದ ಫೋರ್ಡ್ ಮಸ್ಟಾಂಗ್, 1471 ತುಂಡು. 2022ರ ಷೆವರ್ಲೆ ಕಮಾರೊ, 1458 ತುಂಡು. ಮರುವರ್ಷ 1961ರ ಮಾದರಿಯ ಕೆಂಪು ಕಾರ್ವೆಟ್, 1210 ತುಂಡು. ಈಗ ಅವು ಮೂರೂ ವಾಷಿಂಗ್ ಮೆಷಿನ್ ಪಕ್ಕದ ಶೆಲ್ಫಿನಲ್ಲಿ ಧೂಳು ಹಿಡಿಯುತ್ತಿವೆ. “ಪುಸ್ತಕ ನೋಡಿಕೊಂಡು ಕಟ್ಟೋದು ಎಂಟಿಆರ್ ಪೊಟ್ಟಣ ಬಿಸಿ ಮಾಡಿದ ಹಾಗೆ. ಅದನ್ನ ಅಡುಗೆ ಅಂತಾರಾ?” ಎನ್ನುತ್ತಾರೆ. ಈ ಪಂಗಡದಲ್ಲಿ ಮರ್ಯಾದೆ ಇರುವುದು ‘ಮಾಕ್’ಗೆ ಮಾತ್ರ. ಪುಸ್ತಕವಿಲ್ಲದೆ, ಪೆಟ್ಟಿಗೆಯಿಲ್ಲದೆ, ತಾನೇ ಅಳೆದು ಸುರಿದು ಕಟ್ಟಿದ್ದಕ್ಕೆ ಆ ಹೆಸರು.

ಷಡ್ಡಕರ ಮಾಕ್ 1959ರ ಕ್ಯಾಡಿಲಾಕ್. ಹಿಂಭಾಗದಲ್ಲಿ ಎರಡು ದೊಡ್ಡ ರೆಕ್ಕೆ, ಒಂದೊಂದು ರೆಕ್ಕೆಯ ನಡುವಿನಿಂದ ಎರಡೆರಡು ಗುಂಡಿನಾಕಾರದ ಕೆಂಪು ದೀಪ. ಸಿನಿಮಾಗಳಲ್ಲಿ ನೋಡಿಯೇ ಇರುತ್ತೀರಿ. ಆ ರೆಕ್ಕೆಯ ಇತಿಹಾಸ ಕೇಳದೆ ಮೇಲೆ ಬರಲು ಅಪ್ಪಣೆಯಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ತನ್ನ ಹುಡುಗರನ್ನು ಕಟ್ಟಿಕೊಂಡು ಹೋಗಿ ಲಾಕ್‌ಹೀಡ್ ಕಂಪನಿಯ ಪಿ-38 ವಿಮಾನ ನೋಡಿ ಬಂದರು. ಅದರ ಅವಳಿ ಬಾಲ 1948ರ ಕ್ಯಾಡಿಲಾಕಿನ ಬೆನ್ನಿಗೆ ಸಣ್ಣ ಉಬ್ಬಾಗಿ ಇಳಿಯಿತು. ಆ ಉಬ್ಬು ಬೆಳೆಬೆಳೆಯುತ್ತ 1959ರಲ್ಲಿ ತುತ್ತತುದಿ ಮುಟ್ಟಿತು. ಆಮೇಲೆ ಇಳಿಮುಖವಾಗಿ, ಅರವತ್ತರ ದಶಕದ ನಡುವಿನಲ್ಲಿ ಇಲ್ಲವಾಯಿತು.

“ಅದರಿಂದ ಕಾರಿಗೆ ಏನು ಪ್ರಯೋಜನ?” ಎಂದು ನಾನು ಕೇಳಿದೆ.

“ಏನೂ ಇಲ್ಲ!” ಎಂದರು ಷಡ್ಡಕರು. ಮಗ ರ‍್ಯಾಂಕ್ ಬಂದಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

ಈ ಉತ್ತರದ ಬೆಲೆ ತಿಳಿಯಬೇಕಾದರೆ ಅವರ ನೌಕರಿಯ ಬಗ್ಗೆ ಹೇಳಬೇಕು. ಎರಡು ದಶಕಗಳಿಂದ ಅವರು ಮಾಡುತ್ತಿರುವುದು ಕಾರಿನಿಂದ ಏನಾದರೂ ತೆಗೆಯುವ ಕೆಲಸ. ಐದು ಬೋಲ್ಟ್ ಇದ್ದಲ್ಲಿ ನಾಲ್ಕು ಸಾಕಲ್ಲವೇ, ಈ ತಗಡು ಇಷ್ಟು ದಪ್ಪ ಯಾಕಿರಬೇಕು, ಈ ಕ್ಲಿಪ್ ಮೂರು ಸೆಂಟ್ ಅಗ್ಗವಾಗಿ ಎಲ್ಲಿ ಸಿಗುತ್ತದೆ, ಇದೇ ಚಿಂತೆ. ಮುಂಭಾಗದ ಸೀಟಿನ ಕೆಳಗಿನ ಪಟ್ಟಿಯೊಂದರಿಂದ ಎಂಟು ಗ್ರಾಂ ಇಳಿಸಿದ್ದಕ್ಕೆ ಕಂಪನಿಯವರು ಫಲಕ ಕೊಟ್ಟಿದ್ದಾರೆ. ಫಲಕದ ತೂಕ ಒಂದೂವರೆ ಕಿಲೊ. “ಆಫೀಸಲ್ಲಿ ಎಂಟು ಗ್ರಾಂ ಇಳಿಸಿದರು, ಮನೇಲಿ ಎಂಬತ್ತು ಕಿಲೊ ಪ್ಲಾಸ್ಟಿಕ್ ಏರಿಸಿದರು” ಎಂದು ಅತ್ತಿಗೆ ಲೆಕ್ಕ ಒಪ್ಪಿಸುತ್ತಾರೆ.

ಹಗಲೆಲ್ಲ ಬೇಡದ್ದನ್ನು ಕಿತ್ತುಹಾಕುವ ಮನುಷ್ಯ ರಾತ್ರಿಯಾದರೆ ಯಾರಿಗೂ ಬೇಡದ ರೆಕ್ಕೆಯನ್ನು ಎರಡು ಮಿಲಿಮೀಟರ್ ಎತ್ತರಿಸಲು ಒದ್ದಾಡುತ್ತಾನೆ. ತಮಾಷೆಗೆ ಒದ್ದಾಟ ಎನ್ನುತ್ತಿಲ್ಲ. ಹೊರಗಿನವರು ಈ ಕೆಲಸ ಕಾರಿನ ಚಿತ್ರದಿಂದ ಶುರುವಾಗುತ್ತದೆ ಎಂದುಕೊಂಡಿರುತ್ತಾರೆ. ಅಲ್ಲ, ಟೈರಿನಿಂದ. ಇಟ್ಟಿಗೆ ಬೇಕಾದಷ್ಟು ಜೋಡಿಸಬಹುದು, ಟೈರು ಮಾತ್ರ ಲೆಗೊ ಕಂಪನಿ ಮಾಡಿದ ಅಳತೆಯಲ್ಲೇ ಸಿಗಬೇಕು. ಸಿಕ್ಕ ಟೈರಿಗೆ ತಕ್ಕ ಹಾಗೆ ಕಾರು. ಷಡ್ಡಕರಿಗೆ ಸಿಕ್ಕ ಟೈರಿನ ಪ್ರಕಾರ ಕ್ಯಾಡಿಲಾಕು ಹದಿನೈದರಲ್ಲೊಂದು ಪಾಲಿಗೆ ಇಳಿಯಬೇಕಾಯಿತು. ನಿಜವಾದ ಕಾರಿನ ಉದ್ದ 5.7 ಮೀಟರ್, ಮಾದರಿಯದು 38 ಸೆಂಟಿಮೀಟರ್. ಅಲ್ಲಿಗೆ ಎಲ್ಲ ಸರಿ. ತೊಂದರೆ ಬಂದದ್ದು ಅಗಲದಲ್ಲಿ. ಇಟ್ಟಿಗೆಯ ತಲೆಯ ಮೇಲಿನ ಗುಬುಟಿಗೆ ಸ್ಟಡ್ ಎನ್ನುತ್ತಾರೆ. ಒಂದರಿಂದ ಇನ್ನೊಂದಕ್ಕೆ ಎಂಟು ಮಿಲಿಮೀಟರ್. ಭಾಗಿಸಿ ನೋಡಿದರೆ ಕ್ಯಾಡಿಲಾಕಿನ ಅಗಲ ಹದಿನೇಳು ಸ್ಟಡ್. ಬೆಸಸಂಖ್ಯೆ! ಹದಿನಾರು ಮಾಡಿದರೆ ಕಾರು ಬಡಕಲಾಗುತ್ತದೆ, ಹದಿನೆಂಟು ಮಾಡಿದರೆ ಊದಿಕೊಳ್ಳುತ್ತದೆ, ಹದಿನೇಳು ಮಾಡಿದರೆ ನಟ್ಟನಡುವೆ ಒಂದು ಸಾಲು ಒಂಟಿಯಾಗಿ ಉಳಿದು, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎಲ್ಲವನ್ನೂ ಅರ್ಧ ಸ್ಟಡ್ ಸರಿಸುವ ‘ಜಂಪರ್’ ಎಂಬ ತುಂಡಿನ ಮೇಲೆ ಕೂರಿಸಬೇಕಾಗುತ್ತದೆ. ಈ ಧರ್ಮಸಂಕಟದಲ್ಲಿ ಅವರು ಒಂದು ಇಡೀ ಚಳಿಗಾಲ ಕಳೆದರು. ಹೊರಗೆ ಹಿಮ ಎತ್ತಿದವರು ಅತ್ತಿಗೆ.

ಇನ್ನು ರೆಕ್ಕೆ. ಇಟ್ಟಿಗೆಗೆ ಗೊತ್ತಿರುವುದು ನೆಟ್ಟಗೆ ನಿಲ್ಲುವುದು, ಅಡ್ಡ ಮಲಗುವುದು. ರೆಕ್ಕೆಯಾದರೋ ಬಾಗಿಲ ಹತ್ತಿರ ಹುಟ್ಟಿ ನಿಧಾನವಾಗಿ ಏರುತ್ತ ಹಿಂದಕ್ಕೆ ಹರಿಯಬೇಕು. ಹಾಗಾಗಿ ಅದನ್ನು ಬೇರೆಯಾಗಿ, ಸ್ಟಡ್ಡುಗಳು ಪಕ್ಕಕ್ಕೆ ತಿರುಗಿರುವಂತೆ ಕಟ್ಟಿ, ಸಣ್ಣ ಕೀಲು ಕೊಟ್ಟು ಓರೆಯಾಗಿ ನಿಲ್ಲಿಸಬೇಕು. ಇದಕ್ಕೆ ಆಧಾರ ಒಂದು ಲೆಕ್ಕ: ಚಪ್ಪಟೆ ತುಂಡಿನ ದಪ್ಪ 3.2 ಮಿಲಿಮೀಟರ್, ಐದು ಪೇರಿಸಿದರೆ 16. ಎರಡು ಸ್ಟಡ್ ಅಗಲವೂ 16. ಐದಕ್ಕೆ ಎರಡು ಸರಿಹೋಯಿತು ಎಂದರೆ ಅಡ್ಡ ಕಟ್ಟಿದ್ದೂ ನೆಟ್ಟಗೆ ಕಟ್ಟಿದ್ದೂ ಬಿರುಕಿಲ್ಲದೆ ಕೂಡುತ್ತವೆ. ಷಡ್ಡಕರು ಸ್ನಾನ ಮಾಡುವಾಗ “ಐದಕ್ಕೆ ಎರಡು, ಐದಕ್ಕೆ ಎರಡು” ಎನ್ನುವುದನ್ನು ಕೇಳಿಸಿಕೊಂಡ ಅವರ ತಾಯಿ, ಮಗ ತರಕಾರಿ ವ್ಯಾಪಾರಕ್ಕೆ ಇಳಿದನೇ ಎಂದು ಗಾಬರಿಯಾಗಿದ್ದರಂತೆ.

ಈ ಪಂಗಡಕ್ಕೆ ಶಾಸ್ತ್ರವೂ ಇದೆ, ಮಡಿಯೂ ಇದೆ. ತುಂಡನ್ನು ಕತ್ತರಿಸಬಾರದು, ಬಣ್ಣ ಬಳಿಯಬಾರದು, ಗೋಂದು ಮುಟ್ಟಬಾರದು. ಎರಡು ತುಂಡುಗಳನ್ನು ಅವುಗಳಿಗೆ ಬಿಗುವಾಗುವಂತೆ ಸಿಕ್ಕಿಸಿದರೆ ಅದಕ್ಕೆ ‘ಕಾನೂನುಬಾಹಿರ ಜೋಡಣೆ’ ಎಂದು ಹೆಸರು. ವೀಸಾ ವಿಷಯದಲ್ಲೂ ಷಡ್ಡಕರು ಆ ಪದವನ್ನು ಅಷ್ಟು ಭಯದಿಂದ ಉಚ್ಚರಿಸಿದ್ದಿಲ್ಲ. ಐವತ್ತರ ದಶಕದ ಕಾರೆಂದರೆ ಮೈತುಂಬ ಕ್ರೋಮು. ಕಂಪನಿಯೋ ಕ್ರೋಮಿನ ತುಂಡುಗಳನ್ನು ಮಾಡುವುದೇ ಅಪರೂಪ. ಹಾಗಾಗಿ ಬಂಪರಿಗೆ ಬೂದು ಬಣ್ಣವೇ ಗತಿ. ಅದರಲ್ಲೂ ಒಂದು ವ್ಯಾಜ್ಯ. 2004ರಲ್ಲಿ ಕಂಪನಿ ಹಳೆಯ ಬೂದು ಬಣ್ಣಕ್ಕೆ ಒಂದಿಷ್ಟು ನೀಲಿ ಛಾಯೆ ಸೇರಿಸಿತು. ಷಡ್ಡಕರು ಅದನ್ನು ಇನ್ನೂ ಕ್ಷಮಿಸಿಲ್ಲ. ಬಂದವರಿಗೆಲ್ಲ ಎರಡು ತುಂಡು ಹಿಡಿದು “ಯಾವುದು ಹಳೇದು, ಹೇಳಿ ನೋಡೋಣ” ಎನ್ನುತ್ತಾರೆ. ತಪ್ಪು ಹೇಳಿದರೆ ವಿವರಣೆ ಕೊಡುತ್ತಾರೆ. ಸರಿ ಹೇಳಿದರೂ ಕೊಡುತ್ತಾರೆ.

ಆಗಸ್ಟ್ ಬಂದರೆ ಡೆಟ್ರಾಯಿಟಿನ ಹೊರವಲಯದ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆ. 1995ರಿಂದ ನಡೆದು ಬಂದ ಈ ‘ಡ್ರೀಮ್ ಕ್ರೂಸ್’ಗೆ ಊರೂರಿನಿಂದ ಮಾಲೀಕರು ತಮ್ಮ ಕಾರುಗಳನ್ನು ತಿಕ್ಕಿ ಫಳಫಳಿಸಿಕೊಂಡು ಬರುತ್ತಾರೆ. ಷಡ್ಡಕರು ಮಡಚುವ ಕುರ್ಚಿ, ಪುಳಿಯೋಗರೆ, ಟೇಪು ಸಮೇತ ಹಾಜರು. ಮಿಕ್ಕವರು ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಇವರು ಕಾರಿನ ಹಿಂದೆ ಮಂಡಿಯೂರಿ ದೀಪದ ಫೋಟೊ ತೆಗೆಯುತ್ತಾರೆ. 1957ರ ಬೆಲ್ ಏರ್ ಕಂಡರೆ “ಪೆಟ್ರೋಲ್ ಎಲ್ಲಿ ಹಾಕ್ತೀರಿ?” ಎಂದು ಏನೂ ಅರಿಯದವರಂತೆ ಕೇಳುತ್ತಾರೆ. ಎಡ ರೆಕ್ಕೆಯ ಕ್ರೋಮು ಪಟ್ಟಿಯ ಹಿಂದೆ ಅದರ ಮುಚ್ಚಳ ಅಡಗಿರುವುದು ಇವರಿಗೆ ಬಾಯಿಪಾಠ. ಮಾಲೀಕ ತೆರೆದು ತೋರಿಸುವುದನ್ನು ನೋಡಬೇಕು, ಅಷ್ಟೇ. ಒಮ್ಮೆ ಬಿಳಿಗಡ್ಡದ ಮುದುಕನೊಬ್ಬ ತನ್ನ ಕ್ಯಾಡಿಲಾಕಿನ ಬಾಗಿಲು ತೆರೆದು, ಕೂತು ಒಂದು ಸುತ್ತು ಹೋಗೋಣ ಬಾರಯ್ಯ ಎಂದು ಕರೆದ. ಷಡ್ಡಕರು ನಯವಾಗಿ ಬೇಡವೆಂದು, “ಹಿಂದಿನ ಬಂಪರ್ ಅಳೆದುಕೊಳ್ಳಲೇ?” ಎಂದರು. ಮುದುಕ ಪೊಲೀಸರ ಕಡೆ ನೋಡಿದನಂತೆ.

ವರ್ಷಕ್ಕೊಮ್ಮೆ ಕ್ಯಾಡಿಲಾಕು ಬೇಸ್‌ಮೆಂಟಿನಿಂದ ಮೇಲೆ ಬರುವುದು ನವರಾತ್ರಿಗೆ. ಮೇಲಿನ ಮೆಟ್ಟಿಲಲ್ಲಿ ಅತ್ತಿಗೆಯ ಪಟ್ಟದ ಬೊಂಬೆ, ಕೆಳಗೆ ದಶಾವತಾರ, ಎಲ್ಲಕ್ಕಿಂತ ಕೆಳಗೆ ಶೆಟ್ಟಿ ದಂಪತಿಯ ಅಂಗಡಿಗೆ ಅಡ್ಡಲಾಗಿ ಬಿಳಿ ಕ್ಯಾಡಿಲಾಕು. ಕಳೆದ ಸಲ ಆರತಿಯ ಹೊತ್ತಿಗೆ ನಾಲ್ಕು ವರ್ಷದ ಪುಟ್ಟಿಯೊಬ್ಬಳು ರೆಕ್ಕೆ ಹಿಡಿದು ಎಳೆದೇಬಿಟ್ಟಳು. ಹದಿನೇಳು ಸ್ಟಡ್ ಅಗಲದ ಹಿಂಭಾಗ ಕಂಬಳಿಯ ಮೇಲೆ ಚೆಲ್ಲಾಡಿತು. ಹಾಡುತ್ತಿದ್ದವರು ಚರಣದ ನಡುವೆಯೇ ನಿಂತರು. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಷಡ್ಡಕರು ಮಾತ್ರ ಪುಟ್ಟಿಯನ್ನು ಎತ್ತಿಕೊಂಡು, “ಪರವಾಗಿಲ್ಲ ಮರಿ, ಆ ಕೀಲಿನ ವಿಷಯದಲ್ಲಿ ನನಗೂ ಸಮಾಧಾನ ಇರಲಿಲ್ಲ. ಈ ಸಲ ಎರಡು ಮಿಲಿಮೀಟರ್ ಎತ್ತರ ಮಾಡೋಣ” ಎಂದು ನಕ್ಕರು. ಎಲ್ಲರೂ ಉಸಿರುಬಿಟ್ಟರು.

ಅಷ್ಟರಲ್ಲಿ ಪುಟ್ಟಿಯ ಅಪ್ಪ, ಸಾಫ್ಟ್‌ವೇರಿನ ಹುಡುಗ, ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಮುಂದೆ ಬಂದು, “ಅಂಕಲ್, ಇದಕ್ಕೆ ಒಂಚೂರು ಫೆವಿಕ್ವಿಕ್ ಹಾಕಿಬಿಟ್ಟರೆ ಗಟ್ಟಿ ಕೂತುಬಿಡುತ್ತೆ, ನಮ್ಮನೇಲಿದೆ, ತಂದುಕೊಡ್ಲಾ?” ಎಂದ.

ರೆಕ್ಕೆ ಮುರಿದ ಪುಟ್ಟಿಗೆ ಆ ದಿನ ಎರಡು ಪಾಲು ಬೊಂಬೆ ಬಾಗಿನ ಸಿಕ್ಕಿತು. ಅವಳ ಅಪ್ಪನ ಹೆಸರನ್ನು ಷಡ್ಡಕರು ಬರುವ ವರ್ಷದ ಕರೆಯೋಲೆಯ ಪಟ್ಟಿಯಿಂದ ಆ ರಾತ್ರಿಯೇ ತೆಗೆದುಹಾಕಿದರು. ತೆಗೆಯುವ ಕೆಲಸದಲ್ಲಿ ಅವರಿಗೆ ಹೇಗಿದ್ದರೂ ಕೈ ಪಳಗಿದೆಯಲ್ಲ.